ಮೂವತ್ತನೇ ದಿನ ಬಾಣಂತನದೊಳಗೇ ಬರುತ್ತದೆ

ಕೊಪ್ಪಳ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವ ಘಟಕದಲ್ಲಿ ನಾನು ನರ್ಸ್. ಕೆಲವು ವರ್ಷಗಳ ಹಿಂದೆ ಕುಷ್ಟಗಿ ಕಡೆಯ ಒಂದು ಕೂಸು ಬಂದಿತ್ತು. 30 ವಾರಕ್ಕೇ ಹುಟ್ಟಿದ್ದು, ತೂಕ 1,350 ಗ್ರಾಂ. ಬಹಳ ದಿನ ಆಕ್ಸಿಜನ್ ಮೇಲಿದ್ದು, ಆಮೇಲೆ ಹಾಲು ಕುಡಿದು ತೂಕ ಹಿಡಿಯಿತು. 26ನೇ ದಿನ ಮನೆಗೆ ಕಳಿಸಿದೆವು. ಕಣ್ಣಿನ ತಪಾಸಣೆಯ ತಾರೀಖನ್ನು ಕಾರ್ಡಿನಲ್ಲಿ ಬರೆದು ತಾಯಿಯ ಕೈಗೆ ಕೊಟ್ಟವಳು ನಾನೇ.

ಅವರು ಬಂದದ್ದು ಎರಡು ತಿಂಗಳು ತುಂಬುವಾಗ. ಒಂದು ಕಣ್ಣನ್ನು ಲೇಸರ್‌ನಿಂದ ಉಳಿಸಿದರು. ಇನ್ನೊಂದರ ಒಳಪರದೆ, ಅಂದರೆ ರೆಟಿನಾ, ಆಗಲೇ ಕಿತ್ತಿತ್ತು.

"ಹಸಿ ಬಾಣಂತಿನ ಗಾಳಿಗೆ ಹೆಂಗ ಹೊರಗ ಕಳಸೂದ್ರಿ? ಕೂಸು ಕಣ್ಣು ಪಿಳಿಪಿಳಿ ಬಿಡತಿತ್ತು, ಏನೂ ಆಗಿದ್ದಿಲ್ಲ" ಅಂದರು ಅಜ್ಜಿ. ಅವರನ್ನು ದೂರಲಾರೆ. ದಿನ ತುಂಬದ ಮಕ್ಕಳ ರೆಟಿನಾಕ್ಕೆ ಬರುವ ಈ ರೋಗದಲ್ಲಿ (ಇದಕ್ಕೆ ಆರ್‌ಒಪಿ ಅನ್ನುತ್ತೇವೆ) ಕಣ್ಣು ಕೆಂಪಾಗುವುದಿಲ್ಲ, ನೀರು ಸೋರುವುದಿಲ್ಲ. ರೆಟಿನಾದ ರಕ್ತನಾಳಗಳು ಅಂಚು ಮುಟ್ಟುವುದೇ ಗರ್ಭದಲ್ಲಿ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮೊದಲೇ ಹುಟ್ಟಿದ ಕೂಸಿನಲ್ಲಿ ಅವು ನಡುದಾರಿಯಲ್ಲಿ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆಯಬಹುದು. ಹೆಚ್ಚಾದ ಆಕ್ಸಿಜನ್ ಇದಕ್ಕೆ ಇಂಬು ಕೊಡುತ್ತದೆ. ಡ್ರಾಪ್ಸ್ ಹಾಕಿ, ಪಾಪೆ ಅಗಲಿಸಿ ಒಳಗೆ ನೋಡಿದರೆ ಮಾತ್ರ ಕಾಣುತ್ತದೆ. 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ 2,000 ಗ್ರಾಂಗಿಂತ ಕಡಿಮೆ ಇದ್ದ ಮಕ್ಕಳಿಗೆ 30ನೇ ದಿನದೊಳಗೆ ಈ ತಪಾಸಣೆ ಆಗಬೇಕು. 28 ವಾರ ತುಂಬದವರಿಗೆ, 1,200 ಗ್ರಾಂ ಇಲ್ಲದವರಿಗೆ ಎರಡು ಮೂರು ವಾರದಲ್ಲೇ. ಚಿಕಿತ್ಸೆ ಬೇಕೆಂದು ಗೊತ್ತಾದರೆ ಕೈಯಲ್ಲಿರುವುದು ಎರಡು ಮೂರು ದಿನ.

ತಪ್ಪಿದ್ದು ನನ್ನ ಲೆಕ್ಕ. ನಾನು ತಾಯಿಗೆ ಹೇಳಿದೆ. ಬಾಣಂತನದ ಮನೆಯಲ್ಲಿ ಹೊಸ್ತಿಲು ದಾಟಿಸುವವರು ಅಜ್ಜಿ. ಅವರ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಈಗ ಕೂಸು ದಾಖಲಾದ ದಿನವೇ ಅಜ್ಜಿಯನ್ನು ಕೂರಿಸಿಕೊಳ್ಳುತ್ತೇನೆ. ತಾರೀಖಿನ ಜತೆ ತಿಥಿಯನ್ನೂ ಹೇಳುತ್ತೇನೆ: ಹುಣ್ಣಿಮೆಗೆ ಹುಟ್ಟಿದ ಕೂಸಾದರೆ ಮುಂದಿನ ಹುಣ್ಣಿಮೆಯೊಳಗೆ ಕಣ್ಣು ತೋರಿಸಬೇಕು. ಆಗುವುದಾದರೆ ಮೊದಲ ತಪಾಸಣೆ ಮುಗಿಸಿಯೇ ಮನೆಗೆ ಕಳಿಸುತ್ತೇವೆ. ಆದರೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ನಾಳಗಳು ಪೂರ್ತಿ ಬೆಳೆಯುವ ತನಕ ಬರುತ್ತಿರಬೇಕು.

ಹೋದ ತಿಂಗಳು ಒಬ್ಬ ಅಜ್ಜಿ ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಕರೆದುಕೊಂಡು ಬಂದಿದ್ದರು. "ಯಮ್ಮಾ, ಒಂದಿನ ಮೊದಲ ಬಂದೀರಲ್ಲ?" ಅಂದೆ.

"ನಾಳೆ ಹುಣ್ಣಿಮಿ ಐತಲ್ರಿ, ಹುಲಿಗಿ ಅಮ್ಮನ ಗುಡಿಗೆ ಹೋಗೋರಿಂದ ಬಸ್ಸು ತುಂಬಿರತಾವ" ಅಂದರು.