ಗಿಡ ಅನ್ನೋಕೆ ಕಿಡ ಅಂತಿದ್ದ ಹುಡುಗ, ನನ್ನ ಪಿಎಚ್‌ಡಿ

ಒಂಬತ್ತನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗ ಉಕ್ತಲೇಖನದಲ್ಲಿ ಗಿಡ ಅನ್ನೋದನ್ನ ಕಿಡ ಅಂತ ಬರೀತಿದ್ದ, ಓದೋಕೆ ನಿಲ್ಸಿದ್ರೂ ಕಿಡಾನೇ. ಸಕಲೇಶಪುರದ ಹಾನುಬಾಳು ಕಡೆ ಎಸ್ಟೇಟ್ ಕೆಲಸದೋರ ಲೈನ್ ಮನೆ ಹುಡುಗ ಅವನು, ಮನೇಲಿ ತಮಿಳು. ಅವನು ಬಾಯಿ ತೆಗೆದ್ರೆ ಸಾಕು ಇಡೀ ಕ್ಲಾಸ್ ನಗೋದು, ಜೋರಾಗಿ ನಗ್ತಿದ್ದವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳ್ಲಿ.

ಒಂದಿನ ಕನ್ನಡ ಸರ್ ಅವನ ನೋಟ್ಸ್ ಇಸ್ಕೊಂಡು ಬೋರ್ಡ್ ಮೇಲೆ ಎರಡು ಸಾಲು ಬರೆದ್ರು. ಒಂದು ಕಡೆ ಗಿಡ–ಕಿಡ, ದಾರಿ–ತಾರಿ, ಗುಡಿ–ಕುಡಿ. ಇನ್ನೊಂದು ಕಡೆ ಆಕಾಶ–ಆಗಾಶ, ಪಾತಾಳ–ಪಾದಾಳ, ನಾಟಕ–ನಾಡಗ. ಆಮೇಲೆ ನಮ್ ಕಡೆ ತಿರುಗಿ "ನೋಡ್ರೋ, ಪದದ ಶುರುವಲ್ಲಿ ಗ ಬಂದ್ರೆ ಇವನಿಗೆ ಕ ಆಗುತ್ತೆ, ಮಧ್ಯದಲ್ಲಿ ಕ ಬಂದ್ರೆ ಗ ಆಗುತ್ತೆ, ಒಂದ್ ಸಲಾನೂ ಉಲ್ಟಾ ಆಗಿಲ್ಲ, ಇದು ತಪ್ಪಲ್ಲ ಕಣ್ರೋ, ಇವನ ಮನೆ ವ್ಯಾಕರಣ" ಅಂದ್ರು. ನಾನು ಹಿಂದಿಂದ ಕಿಸಕ್ಕಂದೆ. "ಏಯ್ ಆಲೂರೋನೇ, ಎದ್ದೇಳು, ಹಾಲು ಅನ್ನು" ಅಂದ್ರು. ಎದ್ದು "ಆಲು" ಅಂದೆ. "ಯಾವ ಜಿಲ್ಲೆ?" "ಆಸ್ನ ಸಾ." ಆವತ್ತು ಆ ಹುಡುಗ ನಕ್ಕಂಗೆ ಇನ್ಯಾರೂ ನಗಲಿಲ್ಲ ಬಿಡಿ.

ಆದ್ರೆ ಸರ್ ನನ್ನನ್ನೂ ತಿದ್ದಲಿಲ್ಲ. ಹಳಗನ್ನಡದಲ್ಲಿ ಪಾಲ್, ಆಮೇಲೆ ಹಾಲು, ನಿನ್ನ ಬಾಯಲ್ಲಿ ಆಲು, ಪ ಹೋಗಿ ಹ ಬಂತು, ಈಗ ಹ ನೂ ಹೊರಡೋಕೆ ಬ್ಯಾಗ್ ಕಟ್ಕೊಂಡು ನಿಂತದೆ ಅಂದ್ರು. ಆ ವರ್ಷಾನೇ ಬೇಲೂರು ಟ್ರಿಪ್‌ನಲ್ಲಿ ದೇವಸ್ಥಾನ ಮುಗಿಸ್ಕೊಂಡು ಹಲ್ಮಿಡಿಗೂ ಕರ್ಕೊಂಡೋದ್ರು. ಕ್ರಿ.ಶ. 450ರ ಹೊತ್ತಿನ ಶಾಸನ ಅಂತ ಪುಸ್ತಕದಲ್ಲಿ ಓದಿದ್ವಲ್ಲ, ದೊಡ್ಡದಾಗಿ ಏನೋ ಇರ್ತದೆ ಅನ್ಕೊಂಡು ಹೋದ್ರೆ ಮಂಟಪದೊಳಗೆ ಇದ್ದಿದ್ದು ಫೈಬರ್ ನಕಲು, ನಿಜವಾದ ಕಲ್ಲು ಊರಲ್ಲಿಲ್ಲ. ನಮಗೆ ಬೇಜಾರು, ಸರ್‌ಗೆ ಮಾತ್ರ ಅದೇ ದೊಡ್ಡ ಸಂಭ್ರಮ.

ಆಮೇಲೆ ಪಿಯುಸಿ, ಡಿಗ್ರಿ, ಅದೆಲ್ಲ ಎಲ್ರಿಗೂ ಆದಂಗೇ ಆಯ್ತು. ಎಂಎ ಭಾಷಾವಿಜ್ಞಾನಕ್ಕೆ ಮೈಸೂರಿನ ಮಾನಸಗಂಗೋತ್ರಿಗೆ ಹೋದ್ಮೇಲೆ, ಪಕ್ಕದಲ್ಲೇ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಎರಡೂ ಇದ್ವು, ಲೈಬ್ರರಿ ಸುತ್ತೋದೇ ಕೆಲ್ಸ ಆಯ್ತು. ಅಲ್ಲೇ ಲಿಸ್ಕರ್ ಮತ್ತೆ ಅಬ್ರಾಮ್ಸನ್ ಅನ್ನೋರ 1964ರ ಪೇಪರ್ ಸಿಕ್ತು. ಕ, ಗ ಥರದ ಅಕ್ಷರ ಹೇಳುವಾಗ ನಾಲಿಗೆ ಬಿಡೋದಕ್ಕೂ ಗಂಟಲಲ್ಲಿ ನಾದ ಶುರುವಾಗೋದಕ್ಕೂ ನಡುವೆ ಎಷ್ಟು ಹೊತ್ತು ಅಂತ 11 ಭಾಷೇಲಿ ಅಳೆದಿದ್ದಾರೆ, ಮಿಲಿಸೆಕೆಂಡ್ ಲೆಕ್ಕದಲ್ಲಿ. ತಮಿಳು ಇದೆ, ಮರಾಠಿ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ಹೊಟ್ಟೆ ಉರೀತು. ನಮ್ಮ ಗ ಹೇಳುವಾಗ ನಾಲಿಗೆ ಬಿಡೋಕ್ ಮುಂಚೇನೇ ಗಂಟಲು ಗುಂಯ್ ಅಂತಿರುತ್ತೆ, ಕ ಗೆ ಹಂಗಿಲ್ಲ, ಕಂಪ್ಯೂಟರಲ್ಲಿ ಪ್ರಾಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ದನಿಯ ಚಿತ್ರ ನೋಡಿದ್ರೆ ಗ ದ ಆ ಗುಂಯ್ ಕೆಳಗಡೆ ಕಪ್ಪಗೆ ಒಂದು ಪಟ್ಟಿಯಾಗಿ ಕಾಣುತ್ತೆ. ತಮಿಳಿನ ಸ್ವಂತ ಪದಗಳಲ್ಲಿ ಶುರುವಿಗೆ ಗ ಬರಲ್ಲ, ಎರಡು ಸ್ವರದ ನಡುವೆ ಕ ಇದ್ರೆ ತಾನಾಗೇ ಮೆತ್ತಗಾಗುತ್ತೆ. ಸರ್ ಬೋರ್ಡ್ ಮೇಲೆ ಬರೆದಿದ್ದ ಎರಡು ಸಾಲು ಇದೇ.

ಇನ್ನೊಂದು ಪೇಪರ್ 1984ರದ್ದು, ವರ್ಕರ್ ಮತ್ತೆ ಟೀಸ್ ಅವರದು, ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳಿಗೆ ಹಿಂದಿಯ ಟ, ತ ವ್ಯತ್ಯಾಸ ಚೆನ್ನಾಗಿ ಕೇಳ್ಸುತ್ತಂತೆ, 10–12 ತಿಂಗಳು ಆಗೋಷ್ಟರಲ್ಲಿ ಹೆಚ್ಚಿನವಕ್ಕೆ ಕೇಳ್ಸಲ್ಲ. ಮಾತು ಬರೋಕ್ ಮುಂಚೇನೇ ಕಿವಿ ತನ್ನ ಮನೆ ಲೆಕ್ಕ ಹಾಕ್ಕೊಂಡ್ಬಿಟ್ಟಿರುತ್ತೆ! ಹಂಗಾದ್ರೆ ನಾಲ್ಕು ವರ್ಷಕ್ಕೆ ಅಂಗನವಾಡಿಗೆ ಬಂದು ಕನ್ನಡ ಕೇಳೋ ಲೈನ್ ಮನೆ ಮಕ್ಕಳು ಗ ನ ಎಂಗೆ ಕಲೀತಾವೆ? ಇದೇ ನನ್ನ ಥೀಸಿಸ್ ಆಯ್ತು.

ಫೀಲ್ಡ್‌ವರ್ಕ್ ಅಂದ್ರೆ ಏನು ಅಂತ ಸಕಲೇಶಪುರದ ಮಳೇಲಿ ಗೊತ್ತಾಗೋದು. ಶೀಟ್ ಮನೆ ಮೇಲೆ ಮಳೆ ಬಿದ್ರೆ ರೆಕಾರ್ಡರಲ್ಲಿ ಮಳೆ ಬಿಟ್ಟು ಬೇರೇನಿಲ್ಲ, ಮಳೆ ನಿಂತ್ರೆ ಜೀರುಂಡೆ, ಸಂಜೆ ಆದ್ರೆ ಆನೆ ಬಂದದೆ ಅಂತ ಮೊಬೈಲ್‌ಗೆ ಮೆಸೇಜು. ಮಕ್ಕಳು ಇನ್ನೂ ಮೇಲು. ಗಡಿಯಾರದ ಚಿತ್ರ ತೋರ್ಸಿದ್ರೆ "ಟೈಮು" ಅಂತಾವೆ. ಗಿಳಿ ಚಿತ್ರ ತೋರ್ಸಿದ್ರೆ "ಕಿಳಿ" ಅಂದ್ವು, ನಾನು ಖುಷಿಯಾಗಿ ಕಿಳಿ ಕಿಳಿ ಅಂತ ಪೇಜ್‌ಗಟ್ಲೆ ಬರ್ಕೊಂಡು ಗೈಡ್ ಮುಂದೆ ಇಟ್ಟೆ. ಮೇಡಮ್ ಕನ್ನಡಕ ತೆಗೆದು "ಮಾರಾಯ, ತಮಿಳಲ್ಲಿ ಗಿಳಿಗೆ ಏನಂತಾರೆ?" ಅಂದ್ರು. ಕಿಳಿ! ಮಗು ಕನ್ನಡ ತಪ್ಪಾಗಿ ಹೇಳ್ತೋ ತಮಿಳು ಸರಿಯಾಗಿ ಹೇಳ್ತೋ ಯಾವ ಮಿಷಿನ್ನೂ ಹೇಳಲ್ಲ. ಮೂರು ತಿಂಗಳ ಗಿಳಿ ಡಾಟಾ ಬುಟ್ಟಿಗೆ ಹೋಯ್ತು. ಗಿಡ ಉಳೀತು, ಯಾಕಂದ್ರೆ ತಮಿಳಲ್ಲಿ ಗಿಡಕ್ಕೆ ಚೆಡಿ.

ಫೆಲೋಶಿಪ್ ದುಡ್ಡು ತಿಂಗಳಾನುಗಟ್ಟಲೆ ಬರ್ದೇ ಇದ್ದಿದ್ದು ಬೇರೆ ಕತೆ, ಅದನ್ನ ಬರೆದ್ರೆ ಮ್ಯಾಗಝೀನ್ ಸಾಲಲ್ಲ.

ಹಳೇ ಗೆಳೆಯ ಈಗ ಪಿಕಪ್ ಇಟ್ಕೊಂಡಿದ್ದಾನೆ, ಮೆಣಸು, ಕಾಫಿ ಮೂಟೆ ಹೊಡೀತಾನೆ. ಹೋದ ಡಿಸೆಂಬರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಸಿಕ್ದ. ಥೀಸಿಸ್ ವಿಷ್ಯ ಹೇಳಿದೆ, ಬೈತಾನೇನೋ ಅನ್ಕೊಂಡ್ರೆ "ಲೋ ನಂದೂ ರೆಕಾರ್ಡ್ ಮಾಡೋ" ಅಂತ ಕೂತ್ಬಿಟ್ಟ. ಗಾಡಿ ಕಿಟಕಿ ಏರ್ಸಿ ಇಬ್ರೂ ಒಬ್ಬೊಬ್ಬರಾಗಿ ಗಿಡ, ದಾರಿ, ಗುಡಿ ಅಂದ್ವಿ. ಮನೆಗೆ ಬಂದು ಪ್ರಾಟ್‌ನಲ್ಲಿ ತೆಗೆದು ನೋಡ್ತೀನಿ, ಅವನ ಗ ಕೆಳಗಿನ ಕಪ್ಪು ಪಟ್ಟಿ ನನ್ನದಕ್ಕಿಂತ ಉದ್ದ ಅದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಕ್ರೀನ್‌ಶಾಟ್ ತೆಗೆದು, ರಿಟೈರ್ ಆಗಿ ತೋಟ ನೋಡ್ಕೊಂಡಿರೋ ಸರ್‌ಗೆ ವಾಟ್ಸಾಪ್ ಮಾಡಿ, ಇದ್ರಲ್ಲಿ ಲೈನ್ ಮನೆಯೋನು ಯಾರು ಹೇಳಿ ಸಾ ಅಂದೆ.

ಅರ್ಧ ಗಂಟೆ ಬಿಟ್ಟು ರಿಪ್ಲೈ ಬಂತು: "ಅದಿರ್ಲಿ, ಹಾಲು ಅಂದು ಕಳ್ಸು."