ಶಾಸಕರ ಶಾಸನ ಕೆಲಸ: ನಡವಳಿಯಲ್ಲಿ ಎಲ್ಲಿ ಹುಡುಕಬೇಕು, ಎಲ್ಲಿ ಎಡವುತ್ತೇವೆ

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ ಭಾಗದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ವಿಧಾನಸಭೆಗೆ ಬಂದರು. ಅಷ್ಟೂ ಕಾಲ ಕೂತದ್ದು ವಿರೋಧ ಪಕ್ಷದ ಸಾಲಿನಲ್ಲಿ. ಮಂತ್ರಿಯಾಗಲಿಲ್ಲ, ಸರ್ಕಾರಿ ವಿಧೇಯಕ ಮಂಡಿಸುವ ಸಂದರ್ಭವೇ ಬರಲಿಲ್ಲ. ಮಂಡಿಸಿದ ಸರ್ಕಾರಿ ವಿಧೇಯಕಗಳನ್ನಷ್ಟೇ ಎಣಿಸಿ ಅಂಕ ಕೊಡುವ ಪದ್ಧತಿಯಲ್ಲಿ ಅವರಿಗೆ ಸಿಗುವುದು ಸೊನ್ನೆ. ಆದರೆ ಸಾಗರ ಭಾಗದ ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹದಿಂದ ಹೊತ್ತು ತಂದ ಗೇಣಿದಾರರ ಪ್ರಶ್ನೆಯನ್ನು ಅವರು ಸದನದಲ್ಲಿ ಕೈಬಿಡಲಿಲ್ಲ. 1961ರ ಮೈಸೂರು ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆ ಬೇಕೆಂದು ಮಾಲೀಕ ಜಮೀನು ವಾಪಸ್ ಪಡೆಯುವ ದಾರಿ ಅದರಲ್ಲಿ ಉಳಿದಿತ್ತು. ಆ ದಾರಿ ಮುಚ್ಚಿದ್ದು ದೇವರಾಜ ಅರಸು ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಸರ್ಕಾರದ ಒಡೆತನಕ್ಕೆ ಬಂತು, ಗೇಣಿದಾರರು ಜಮೀನಿನ ಹಕ್ಕು ಕೋರುವ ಅರ್ಜಿಯಾದ ನಮೂನೆ 7 ಬರೆದುಕೊಂಡು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಗೋಪಾಲಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂಬುದೂ ಅವರ ಒತ್ತಾಯವಾಗಿತ್ತು. ಅದು ಕೈಗೂಡಿದ್ದು 1973ರ ನವೆಂಬರ್ 1ರಂದು.

ಶಾಸಕರೊಬ್ಬರ ಶಾಸನ ಕೆಲಸವನ್ನು ತೂಗಲು ಹೊರಟವರು ಈ ಉದಾಹರಣೆಯನ್ನು ಎದುರಿಗಿಟ್ಟುಕೊಳ್ಳಬೇಕು. ಚುನಾವಣೆ ಹತ್ತಿರ ಬಂದಾಗ ಹರಿದಾಡುವ 'ಇಷ್ಟು ಪ್ರಶ್ನೆ, ಇಷ್ಟು ದಿನ ಹಾಜರಿ' ಎಂಬ ಪಟ್ಟಿಗಳಲ್ಲಿ ಇಂಥ ಕೆಲಸ ಕಾಣುವುದಿಲ್ಲ. ಸದನದ ಕಲಾಪದ ಅಧಿಕೃತ ದಾಖಲೆಯಾದ ನಡವಳಿಗಳನ್ನು ತೆರೆದು ಓದಿದರೆ ಕಾಣುತ್ತದೆ.

ಮೊದಲು ಒಂದು ಹಾಳೆಯಲ್ಲಿ ಕಾಲಪಟ್ಟಿ ಬರೆದುಕೊಳ್ಳಿ: ಎಷ್ಟನೇ ವಿಧಾನಸಭೆ, ಎಷ್ಟನೇ ಅಧಿವೇಶನ, ಆಗ ಈ ಸದಸ್ಯರು ಎಲ್ಲಿ ಕೂತಿದ್ದರು. 2013ರಿಂದ 2018ರವರೆಗಿನ ವಿಧಾನಸಭೆ ಹದಿನಾಲ್ಕನೆಯದು, 2018ರಿಂದ 2023ರವರೆಗಿನದು ಹದಿನೈದನೆಯದು, ಈಗಿನದು ಹದಿನಾರನೆಯದು. ಐದು ವರ್ಷದ ನಡುವೆ ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಸಭಾಧ್ಯಕ್ಷರಾದವರು ಚರ್ಚೆಯಲ್ಲಿ ಪಕ್ಷ ವಹಿಸಿ ಮಾತಾಡುವುದಿಲ್ಲ. ಇದನ್ನು ಗಮನಿಸದ ಪಟ್ಟಿಯಲ್ಲಿ ಅವರು 'ಮೌನಿ ಶಾಸಕ' ಎನಿಸಿಕೊಳ್ಳುತ್ತಾರೆ, ಅದು ಅನ್ಯಾಯ. ಹೆಸರನ್ನೂ ಎಚ್ಚರದಿಂದ ಹುಡುಕಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ, ಒಂದೇ ಹೆಸರಿನ ಇಬ್ಬರೂ ಸದನದಲ್ಲಿರಬಹುದು. ಕ್ಷೇತ್ರದ ಹೆಸರು ಸೇರಿಸಿ ಹುಡುಕುವುದೇ ಸರಿ. ಆದರೆ 2008ರ ಚುನಾವಣೆ ಹೊಸ ಕ್ಷೇತ್ರ ವಿಂಗಡಣೆಯ ಮೇಲೆ ನಡೆದದ್ದರಿಂದ ಅದಕ್ಕಿಂತ ಹಿಂದಿನ ಕ್ಷೇತ್ರವೇ ಬೇರೆ ಇರಬಹುದು.

ಹಾಜರಿಯ ಶೇಕಡಾವಾರು ನೋಡುವ ಮುಂಚೆ ಸದನ ಎಷ್ಟು ದಿನ ಸೇರಿತ್ತೆಂದು ನೋಡಿ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು 2005ರಲ್ಲಿ ನಮ್ಮ ಶಾಸಕಾಂಗವೇ ಕಾಯ್ದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ದಿನ ಸದನ ಸೇರುವುದೇ ಇಲ್ಲ.

ಅಂಗೀಕಾರವಾದ ವಿಧೇಯಕಗಳ ಪಟ್ಟಿ ಕೈಗೆ ಬಂದಾಗ ಮೊದಲು ಅದನ್ನು ಬಿಡಿಸಿ. ಖಜಾನೆಯಿಂದ ಹಣ ಖರ್ಚು ಮಾಡಲು ಅನುಮತಿ ಕೊಡುವ ಧನವಿನಿಯೋಗ ವಿಧೇಯಕಗಳನ್ನು ಬದಿಗಿಡಿ, ಅವು ಬಜೆಟ್ಟಿನ ಹಿಂದೆ ಬಂದೇ ಬರುವಂಥವು. ಉಳಿದವುಗಳಲ್ಲಿ ಹೆಚ್ಚಿನವು ತಿದ್ದುಪಡಿ, ಕೆಲವು ಒಂದೇ ಪುಟದವು. ವಿಧೇಯಕ ಮಂಡಿಸಿದ ಮಂತ್ರಿಯ ಹೆಸರನ್ನೇ ಕರ್ತೃವೆಂದು ಬರೆದುಕೊಳ್ಳುವುದೂ ತಪ್ಪು. ಕನ್ನಡ ನಾಮಫಲಕದ ಕಾನೂನನ್ನೇ ನೋಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ವಿಧೇಯಕವನ್ನು 2022ರ ಸೆಪ್ಟೆಂಬರ್‌ನಲ್ಲಿ ಮಂಡಿಸಿದವರು ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ವಿ. ಸುನಿಲ್ ಕುಮಾರ್. ಅದು ಅಂಗೀಕಾರವಾದದ್ದು 2023ರ ಫೆಬ್ರವರಿಯಲ್ಲಿ. ಚುನಾವಣೆ ಆಗಿ ಸರ್ಕಾರ ಬದಲಾಯಿತು. ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಹೊಸ ಸರ್ಕಾರ 2024ರ ಜನವರಿಯಲ್ಲಿ ಸುಗ್ರೀವಾಜ್ಞೆ ಕಳಿಸಿತು. ಅಧಿವೇಶನ ಹತ್ತಿರದಲ್ಲಿದ್ದಾಗ ಅದು ಬೇಡವೆಂದು ರಾಜ್ಯಪಾಲರು ಮರಳಿಸಿದರು. ಸಚಿವ ಶಿವರಾಜ ತಂಗಡಗಿ ಫೆಬ್ರವರಿಯಲ್ಲಿ ಅದನ್ನೇ ತಿದ್ದುಪಡಿ ವಿಧೇಯಕವಾಗಿ ತಂದರು, ಸದನ ಒಪ್ಪಿತು. ಎರಡು ವಿಧಾನಸಭೆ, ಎರಡು ಸರ್ಕಾರ, ಇಬ್ಬರು ಸಚಿವರು, ಅಂಗಡಿಯ ಮೇಲಿನ ಬೋರ್ಡು ಮಾತ್ರ ಒಂದೇ. ಇದು ಯಾರ ಖಾತೆಗೆ ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಇಲ್ಲ.

ನಿಜವಾದ ಶಾಸನ ಕೆಲಸ ಸಿಗುವುದು ಖಂಡವಾರು ಹಂತದಲ್ಲಿ, ಅಂದರೆ ವಿಧೇಯಕದ ಒಂದೊಂದು ಖಂಡವನ್ನೂ ಬೇರೆಬೇರೆಯಾಗಿ ಚರ್ಚಿಸಿ ಮತಕ್ಕೆ ಹಾಕುವಾಗ. ಅಲ್ಲಿ ನಿಧಾನವಾಗಿ ಓದಬೇಕು. ಮಂಡನೆಯಾದ ವಿಧೇಯಕದ ಪ್ರತಿಯನ್ನು ಒಂದು ಪಕ್ಕ, ರಾಜ್ಯಪತ್ರದಲ್ಲಿ (ಗೆಜೆಟ್) ಬಂದ ಅಧಿನಿಯಮವನ್ನು, ಅಂದರೆ ಕಾಯ್ದೆಯನ್ನು, ಇನ್ನೊಂದು ಪಕ್ಕ ಇಟ್ಟುಕೊಳ್ಳಿ. ಅಧಿನಿಯಮಗಳ ಕನ್ನಡ ಪಠ್ಯ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿದೆ. ವಿಧೇಯಕದ ಕೊನೆಯಲ್ಲಿರುವ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಮತ್ತು ಆರ್ಥಿಕ ಜ್ಞಾಪನ ಪತ್ರವನ್ನು ಮೊದಲು ಓದಿ, ಸರ್ಕಾರ ಏನು ಮಾಡಲು ಹೊರಟಿದೆ, ಖರ್ಚೆಷ್ಟು ಎಂಬುದು ಅಲ್ಲಿದೆ. ಆಮೇಲೆ ಎರಡೂ ಪಠ್ಯಗಳನ್ನು ಖಂಡಖಂಡವಾಗಿ ಹೋಲಿಸಿ. ಎಲ್ಲಿ ಒಂದು ಪದ ಬದಲಾಗಿದೆಯೋ, 'ಬಹುದು' ಹೋಗಿ 'ತಕ್ಕದ್ದು' ಬಂದಿದೆಯೋ, ಮೂವತ್ತು ದಿನ ತೊಂಬತ್ತಾಗಿದೆಯೋ, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನಂತರ ಆ ದಿನದ ನಡವಳಿ ತೆರೆದು ಆ ಖಂಡ ಮತಕ್ಕೆ ಬಂದ ಜಾಗ ಹುಡುಕಿ. ತಿದ್ದುಪಡಿ ಕೊಟ್ಟವರು ಯಾರು, ಮಂತ್ರಿ ಒಪ್ಪಿದರೇ, 'ನಿಯಮಗಳಲ್ಲಿ ಸೇರಿಸುತ್ತೇವೆ' ಎಂದು ಸಮಾಧಾನ ಹೇಳಿದರೇ, ಸದಸ್ಯರು ಒತ್ತಾಯಿಸಿದರೇ, ವಾಪಸ್ ಪಡೆದರೇ? 'ಬಹುದು' ಎಂಬುದನ್ನು 'ತಕ್ಕದ್ದು' ಮಾಡಿಸಿದ ಶಾಸಕರು ಅಧಿಕಾರಿಯ ವಿವೇಚನೆಯನ್ನು ಕರ್ತವ್ಯವಾಗಿ ಬದಲಿಸಿರುತ್ತಾರೆ. ಒಂದು ಗಂಟೆಯ ಭಾಷಣಕ್ಕಿಂತ ಅದು ದೊಡ್ಡ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಈ ಹೋಲಿಕೆಗೆ ಒಳ್ಳೆಯ ಪಾಠ 2017ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ. ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಜೂನ್‌ನಲ್ಲಿ ಮಂಡಿಸಿದ ವಿಧೇಯಕ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಬೀದಿಗಿಳಿದರು. ಜೈಲು ಶಿಕ್ಷೆಯ ಪ್ರಸ್ತಾವವೂ ಸೇರಿ ಹಲವು ಅಂಶಗಳು ಸಡಿಲಗೊಂಡ ಮೇಲೆ ಅದು ಅಂಗೀಕಾರವಾಯಿತು. ಅಂತಿಮ ಪಠ್ಯವನ್ನಷ್ಟೇ ಓದಿದವರಿಗೆ ಸಚಿವರು ಹೊರಟದ್ದೆಲ್ಲಿಗೆ, ಸದನ ತಲುಪಿದ್ದೆಲ್ಲಿಗೆ ಎಂಬುದು ತಿಳಿಯುವುದಿಲ್ಲ.

ಖಂಡವಾರು ಚರ್ಚೆಯೇ ಇಲ್ಲದ ದಿನಗಳೂ ಇವೆ, ಅದೂ ದಾಖಲೆಯೇ. 2025ರ ಮಾರ್ಚ್‌ನಲ್ಲಿ ಶಾಸಕರ ವೇತನ ತಿಂಗಳಿಗೆ 40,000ದಿಂದ 80,000 ರೂಪಾಯಿಗೆ, ಮುಖ್ಯಮಂತ್ರಿಯ ವೇತನ 75,000ದಿಂದ 1.5 ಲಕ್ಷಕ್ಕೆ ಏರಿದ್ದು ಸದನದ ಗದ್ದಲದ ನಡುವೆ, ಚರ್ಚೆಯಿಲ್ಲದೆ. ಗದ್ದಲದಲ್ಲಿ ಖಂಡಗಳನ್ನು ಗೊಂಚಲಾಗಿ ಮತಕ್ಕೆ ಹಾಕಿದರೆ ಪುಟಗಟ್ಟಲೆ ಕಾನೂನು ನಿಮಿಷಗಳಲ್ಲಿ ಮುಗಿಯುತ್ತದೆ. ಆ ದಿನ ಒಪ್ಪಿದವರೂ ವಿರೋಧಿಸಿದವರೂ ಕಾನೂನಿನ ಪಠ್ಯವನ್ನು ತಿದ್ದುವ ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾರೆ. ಮತದಾರರಾಗಿ ನನಗೆ ಹೆಚ್ಚು ನೋವು ಕೊಡುವುದು ಇದೇ.

ನಿಮ್ಮ ಶಾಸಕರು ಯಾವುದಕ್ಕೆ ಮತ ಹಾಕಿದರೆಂದು ಕೇಳುವವರಿದ್ದಾರೆ. ನಮ್ಮಲ್ಲಿ ಬಹುತೇಕ ಎಲ್ಲವೂ ಧ್ವನಿಮತ, ಹೌದು-ಇಲ್ಲ ಎಂಬ ಕೂಗಿನ ಮೇಲೆ ತೀರ್ಮಾನ. ಹೆಸರುಹೆಸರಾಗಿ ಮತ ದಾಖಲಾಗಬೇಕಾದರೆ ಯಾರಾದರೂ ವಿಭಜನೆ, ಅಂದರೆ ಮತಗಳ ಎಣಿಕೆ, ಕೇಳಬೇಕು. ದಾಖಲಾದರೂ ಅದು ಹೇಳುವುದು ಕಡಿಮೆ, ಏಕೆಂದರೆ 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ನಂತರ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವಾದ ವಿಪ್ ಮೀರಿದರೆ ಸ್ಥಾನಕ್ಕೇ ಕುತ್ತು. ಒಬ್ಬರ ಸ್ವಂತ ನಿಲುವು ಬೇಕಿದ್ದರೆ ಭಾಷಣ ಮತ್ತು ತಿದ್ದುಪಡಿ ಸೂಚನೆಗಳನ್ನೇ ನೋಡಬೇಕು.

ಎರಡು ಸದನಗಳಿರುವುದರಿಂದ ಲೆಕ್ಕ ಇನ್ನೊಂದು ಕಡೆಯೂ ತಪ್ಪುತ್ತದೆ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕಕ್ಕೆ ವಿಧಾನ ಪರಿಷತ್ತಿನಲ್ಲಿ ಸೋಲಾಯಿತು, ಕೆಲವೇ ದಿನಗಳಲ್ಲಿ ವಿಧಾನಸಭೆ ಮತ್ತೆ ಅಂಗೀಕರಿಸಿತು. ಸಂವಿಧಾನದ 197ನೇ ವಿಧಿ ಇದಕ್ಕೆ ದಾರಿ ಕೊಟ್ಟಿದೆ. ಗಮನಿಸದಿದ್ದರೆ ಒಂದೇ ವಿಧೇಯಕವನ್ನು ಎರಡು ಸಲ ಎಣಿಸುತ್ತೀರಿ. ವಿಧಾನಸಭೆ ವಿಸರ್ಜನೆಯಾದಾಗ ಅಲ್ಲಿ ಬಾಕಿಯಿದ್ದ ವಿಧೇಯಕಗಳು ಬಿದ್ದುಹೋಗುತ್ತವೆ. ಸಭೆ ಅಂಗೀಕರಿಸಿ ಪರಿಷತ್ತಿನಲ್ಲಿ ಉಳಿದಿದ್ದವೂ ಹಾಗೆಯೇ. ಪರಿಷತ್ತಿನಲ್ಲೇ ಹುಟ್ಟಿ ಇನ್ನೂ ಸಭೆಗೆ ಬಾರದಿದ್ದರೆ ಮಾತ್ರ ಉಳಿಯುತ್ತದೆ. ಹಳೆಯ ವಿಧಾನಸಭೆಯ ಬಾಕಿ ಪಟ್ಟಿ ಹಿಡಿದು 'ಈಗಲೂ ಪರಿಶೀಲನೆಯಲ್ಲಿದೆ' ಎಂದು ಬರೆಯುವವರು ಎಡವುವುದು ಇಲ್ಲೇ.

ಮಂತ್ರಿಯಲ್ಲದ ಸದಸ್ಯರು ತರುವ ಖಾಸಗಿ ವಿಧೇಯಕಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅವು ಕಾಯ್ದೆಯಾಗುವುದು ತೀರಾ ವಿರಳ. ರಾಜ್ಯದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಖರ್ಚಾಗುವಂಥದ್ದಾದರೆ ಸಂವಿಧಾನದ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು, ಅಂದರೆ ಸರ್ಕಾರದ ಒಪ್ಪಿಗೆಯೇ ಬೇಕು. ಅಂಗೀಕಾರವಾಗಲಿಲ್ಲ ಎಂದು ತಳ್ಳಿಹಾಕದೆ, ಅದರ ಸಾರ ಮುಂದೆ ಸರ್ಕಾರಿ ವಿಧೇಯಕದಲ್ಲಿ ಬಂದಿದೆಯೇ ನೋಡಿ.

ಪ್ರಶ್ನೆಗಳ ವಿಷಯ ಚಿಕ್ಕದು. ಚುಕ್ಕೆ ಗುರುತಿನದಕ್ಕೆ ಸದನದಲ್ಲೇ ಉತ್ತರ ಸಿಗುತ್ತದೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಕ್ಷೇತ್ರದ ಒಂದು ಸೇತುವೆ, ಒಂದು ಶಾಲೆ ಬಗ್ಗೆ ಕೇಳಿದ್ದು ತಪ್ಪಲ್ಲ, ಆದರೆ ಅದು ಶಾಸನ ಕೆಲಸವಲ್ಲ. ಕಾಯ್ದೆಯ ನಿಯಮಗಳು ಏಕೆ ಬಂದಿಲ್ಲ ಎಂದು ಕೇಳಿದ ಪ್ರಶ್ನೆಗಳನ್ನು ಆರಿಸಿ ಬೇರೆ ಇಡಿ. ಉತ್ತರದಲ್ಲಿ ಮಂತ್ರಿ ಮಾತು ಕೊಟ್ಟಿದ್ದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ವರದಿಯಲ್ಲಿ ಮುಂದುವರಿಯುತ್ತದೆ.

ಕೊನೆಗೆ ಅಧಿನಿಯಮದ 1ನೇ ಪ್ರಕರಣಕ್ಕೆ (ಸೆಕ್ಷನ್) ಮರಳಿ. 'ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದಂಥ ದಿನಾಂಕದಂದು ಜಾರಿಗೆ ಬರತಕ್ಕದ್ದು' ಎಂಬಂಥ ಸಾಲಿದ್ದರೆ ಕಾನೂನು ಇನ್ನೂ ಕಾಗದದ ಮೇಲಿರಬಹುದು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಗೆ ಬೆಳಗಾವಿಯಲ್ಲಿ ಸದನದ ಒಪ್ಪಿಗೆ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ಜಾರಿಯ ಅಧಿಸೂಚನೆ ಬಂದದ್ದು 2020ರ ಜನವರಿಯಲ್ಲಿ. ಆ ಎರಡು ವರ್ಷದ ಪ್ರಶ್ನೋತ್ತರ ಪಟ್ಟಿಗಳನ್ನು ತೆಗೆದು ನೋಡಿ: ಈ ಕಾಯ್ದೆ ಯಾವಾಗ ಜಾರಿಯಾಗುತ್ತದೆ ಎಂದು ಯಾರು ಕೇಳಿದ್ದಾರೆ, ಎಷ್ಟು ಅಧಿವೇಶನಗಳಲ್ಲಿ ಕೇಳಿದ್ದಾರೆ? ಆ ಹೆಸರುಗಳನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ.