ಹರ್ನಿಯಾಕ್ಕೆ ದುರ್ಬೀನೋ, ತೆರೆದ ಆಪರೇಷನ್ನೋ?

“ಸಾಹೇಬ್ರ, ದುರ್ಬೀನ್ ಹಾಕಿನೇ ಮಾಡ್ರಿ, ಕೊಯ್ಯೂದು ಬ್ಯಾಡ್ರಿ.” ವಿಜಯಪುರ, ಬಾಗಲಕೋಟೆ ಕಡೆ ತೊಡೆಸಂದಿನ ಹರ್ನಿಯಾ (ಸ್ನಾಯು ಸಡಿಲಾದ ಜಾಗದಲ್ಲಿ ಒಳಗಿನದು ಉಬ್ಬಿ ಹೊರಬರುವುದು) ತೋರಿಸಲು ಬಂದವರು ಹೆಚ್ಚಾಗಿ ಹೀಗೇ ಮಾತು ಶುರು ಮಾಡುತ್ತಾರೆ. ದುರ್ಬೀನ್ ಎಂದರೆ ಲ್ಯಾಪರೋಸ್ಕೋಪಿ, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್. ಅದರಲ್ಲೂ ಕೊಯ್ಯುವುದು ತಪ್ಪಿದ್ದಲ್ಲ. ಹೊಕ್ಕಳ ಹತ್ತಿರ 10 ಮಿ.ಮೀ.ನ ಒಂದು ತೂತು, ಜೊತೆಗೆ 5 ಮಿ.ಮೀ.ನ ಇನ್ನೆರಡು. ತೆರೆದದ್ದಾದರೆ ತೊಡೆಸಂದಿನ ಮೇಲೆ 5–6 ಸೆಂ.ಮೀ. ಗಾಯ. ಚರ್ಮದ ಗಾಯ ಎರಡು ವಾರದಲ್ಲಿ ಮಾಯುತ್ತದೆ. ಮುಂದಿನ ಇಪ್ಪತ್ತು ವರ್ಷದ ಲೆಕ್ಕ ನಿಂತಿರುವುದು ಸಡಿಲಾದ ಜಾಗಕ್ಕೆ ಆಸರೆಯಾಗಿ ಹಾಸುವ ಜಾಲರಿ ಯಾವ ಪದರದಲ್ಲಿ, ಹೇಗೆ ಕೂತಿದೆ ಎಂಬುದರ ಮೇಲೆ.

ತೆರೆದ ಆಪರೇಷನ್ ಎಂದರೆ ಬಹುಪಾಲು ಲಿಕ್ಟೆನ್‌ಸ್ಟೈನ್ ಪದ್ಧತಿ. ವೃಷಣಕ್ಕೆ ಹೋಗುವ ಹುರಿಯಿಂದ ಹರ್ನಿಯಾ ಚೀಲವನ್ನು ಬಿಡಿಸಿ ಒಳಗೆ ಸೇರಿಸುತ್ತಾರೆ. ಸ್ನಾಯುವಿನ ಮೇಲೆ ಸುಮಾರು 7.5×15 ಸೆಂ.ಮೀ.ನ ಪಾಲಿಪ್ರೊಪಿಲಿನ್ ಜಾಲರಿ ಹಾಸುತ್ತಾರೆ. ಹುರಿ ಹಾದುಹೋಗಲು ಜಾಲರಿಯ ಒಂದು ತುದಿಯನ್ನು ಸೀಳಿ, ಆ ಎರಡು ಬಾಲಗಳನ್ನು ಹುರಿಯ ಹೊರಬದಿಯಲ್ಲಿ ಒಂದರ ಮೇಲೊಂದು ತಂದು ಹೊಲಿಯುತ್ತಾರೆ. ಇಲ್ಲಿ ಕೈಗುಣ ಕಾಣುವುದು ಮೊದಲ ಹೊಲಿಗೆಯಲ್ಲಿ. ಜಾಲರಿ ಮುಂದಿನ ಪ್ಯುಬಿಕ್ ಮೂಳೆಯನ್ನು ದಾಟಿ 2 ಸೆಂ.ಮೀ.ನಷ್ಟು ಆಚೆ ಹೋಗಿರಬೇಕು; ಅಷ್ಟು ಬಿಡದಿದ್ದರೆ ಹರ್ನಿಯಾ ಅದೇ ಮೂಲೆಯಿಂದ ಮತ್ತೆ ಹೊರಬರುತ್ತದೆ. ಸೂಜಿ ಮೂಳೆಯ ಮೇಲ್ಪೊರೆಗೆ ಹೊಕ್ಕರೆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಅದೇ ಜಾಗದಲ್ಲಿ ಮೂರು ನರಗಳು ಹಾದುಹೋಗುತ್ತವೆ, ಒಂದು ಹೊಲಿಗೆಗೆ ಸಿಕ್ಕಿಕೊಂಡರೂ ತೊಡೆಯ ಒಳಭಾಗ ಉರಿಯುತ್ತಲೇ ಇರುತ್ತದೆ. ತೆರೆದ ಆಪರೇಷನ್ನನ್ನು ಬರೀ ಆ ಜಾಗ ಮರಗಟ್ಟಿಸಿಯೂ ಮಾಡಬಹುದು, ಆಗ ಟೇಬಲ್ ಮೇಲೇ ರೋಗಿಗೆ ಕೆಮ್ಮಲು ಹೇಳಿ ಜಾಲರಿ ಹೇಗೆ ಕೂತಿದೆ ಎಂದು ಪರೀಕ್ಷಿಸಬಹುದು.

ದುರ್ಬೀನಿನಲ್ಲಿ ಜಾಲರಿ ಸ್ನಾಯುವಿನ ಹಿಂದೆ, ಹೊಟ್ಟೆಯ ಪೊರೆಯ ಮುಂದೆ ಕೂರುತ್ತದೆ. ಟೆಪ್ ವಿಧಾನದಲ್ಲಿ ಹೊಟ್ಟೆಯೊಳಗೆ ಹೋಗದೆ ಆ ಎರಡರ ನಡುವೆಯೇ ಜಾಗ ಮಾಡಿಕೊಳ್ಳುತ್ತಾರೆ. ಟ್ಯಾಪ್‌ನಲ್ಲಿ ಹೊಟ್ಟೆಯೊಳಗಿಂದ ಪೊರೆ ಕೊಯ್ದು, ಜಾಲರಿ ಇಟ್ಟು, ಪೊರೆಯನ್ನು ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆಯಲ್ಲಿ ಸಂದು ಉಳಿದರೆ ಕರುಳು ನುಗ್ಗಿ ಸಿಕ್ಕಿಕೊಳ್ಳುತ್ತದೆ. ಜಾಲರಿ ಕನಿಷ್ಠ 10×15 ಸೆಂ.ಮೀ. ಇರಬೇಕು, ಚಿಕ್ಕದು ಸಾಲದು. ಟೆಪ್‌ನಲ್ಲಿ ಮರುಕಳಿಸುವ ಸಾಮಾನ್ಯ ಕಾರಣ ತೀರಾ ಚಿಕ್ಕದು: ಜಾಗ ಮಾಡಲು ತುಂಬಿದ್ದ ಗಾಳಿಯನ್ನು ಕೊನೆಗೆ ಬಿಡುವಾಗ ಜಾಲರಿಯ ಕೆಳ ಅಂಚು ಮಡಚಿ ಮೇಲೇಳುತ್ತದೆ. ಅದಕ್ಕೇ ಅನುಭವಿಗಳು ಕ್ಯಾಮೆರಾ ಒಳಗೇ ಇಟ್ಟು, ಅಂಚನ್ನು ಒತ್ತಿ ಹಿಡಿದು, ಗಾಳಿ ನಿಧಾನ ಬಿಡುತ್ತಾರೆ. ಟೆಪ್‌ನಲ್ಲಿ ದೊಡ್ಡ ನೇರ ಹರ್ನಿಯಾ (ಸ್ನಾಯುಗೋಡೆಯೇ ಸಡಿಲಾಗಿ ನೇರ ಮುಂದಕ್ಕೆ ಉಬ್ಬುವುದು) ಬಿಟ್ಟರೆ ಜಾಲರಿಗೆ ಮೊಳೆ ಹೊಡೆಯುವ ಅಗತ್ಯ ಬಹುತೇಕ ಇರುವುದಿಲ್ಲ. ಬಿಲ್ಲಿನಲ್ಲಿ ಟ್ಯಾಕರ್ (ಆ ಮೊಳೆ ಹೊಡೆಯುವ ಸಾಧನ) ಎಂದಿದ್ದರೆ ಏಕೆಂದು ಕೇಳುವುದರಲ್ಲಿ ತಪ್ಪಿಲ್ಲ.

ಎರಡೂ ಕಡೆ ಹರ್ನಿಯಾ ಇದ್ದರೆ, ಹಿಂದೊಮ್ಮೆ ತೆರೆದು ಮಾಡಿದ್ದು ಮರುಕಳಿಸಿದ್ದರೆ ದುರ್ಬೀನೇ ಮೇಲು. ಹೆಂಗಸರಿಗೂ ಅದೇ: ತೊಡೆಯ ರಕ್ತನಾಳದ ಪಕ್ಕದ ಫೆಮೊರಲ್ ಹರ್ನಿಯಾ ಮುಂದಿನಿಂದ ನೋಡಿದರೆ ತಪ್ಪಿಹೋಗಬಹುದು, ಹಿಂದಿನಿಂದ ಕಣ್ಣಿಗೆ ಬೀಳುತ್ತದೆ. ಪ್ರಾಸ್ಟೇಟ್ ಆಪರೇಷನ್ ಆದವರು, ವೃಷಣದ ಚೀಲದವರೆಗೂ ಇಳಿದ ದೊಡ್ಡ ಹರ್ನಿಯಾ ಇರುವವರು, ಬೀಡಿ ಸೇದಿ ಶ್ವಾಸಕೋಶ ಹಾಳಾಗಿ ಪೂರ್ತಿ ಅರಿವಳಿಕೆ ತಡೆಯದವರು, ಇವರಿಗೆ ತೆರೆದದ್ದೇ ವಾಸಿ. ಮಕ್ಕಳಿಗೆ ಜಾಲರಿಯೇ ಬೇಡ, ಚೀಲ ಕಟ್ಟಿದರೆ ಮುಗಿಯಿತು.

ದುರ್ಬೀನಿನ ಕೈ ಪಳಗಲು 50ರಿಂದ 100 ಕೇಸ್ ಬೇಕು. ಹತ್ತು ಮಾಡಿದವರ ದುರ್ಬೀನಿಗಿಂತ ಸಾವಿರ ಮಾಡಿದವರ ಲಿಕ್ಟೆನ್‌ಸ್ಟೈನ್ ಒಳ್ಳೆಯದು. ಎಷ್ಟು ಮಾಡಿದ್ದೀರಿ ಎಂದು ಕೇಳಿಬಿಡಿ.

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊರೆ ಹೊರುವವರಿಗೆ ಲೆಕ್ಕ ಬೇರೆ. ದುರ್ಬೀನಾದರೆ ನೋವು ಕಡಿಮೆ, ಕೆಲವು ದಿನ ಮೊದಲೇ ಓಡಾಡಬಹುದು ನಿಜ. ಆದರೂ ಕ್ವಿಂಟಲ್ ಚೀಲ ಎತ್ತಲು ಎರಡರಲ್ಲೂ ನಾಲ್ಕಾರು ವಾರ ಬಿಡುವುದು ಒಳ್ಳೆಯದು. ದಸರೆ ಮುಗಿದು ಕಾರ್ಖಾನೆ ಶುರುವಾಗುವ ಮೊದಲೇ ಮಾಡಿಸಿಕೊಂಡರೆ ಕೂಲಿ ತಪ್ಪುವುದಿಲ್ಲ.

ಹತ್ತು ದಿನಕ್ಕೆ ಅದೇ ಜಾಗ ಉಬ್ಬಿತೆಂದು “ಮತ್ತ ಬಂದೈತ್ರಿ” ಎಂದು ಗಾಬರಿಯಿಂದ ಬರುವವರಿದ್ದಾರೆ. ಕೆಮ್ಮಿದಾಗ ಅದು ಹಿಗ್ಗುವುದಿಲ್ಲ, ಒತ್ತಿದರೆ ಒಳಗೆ ಹೋಗುವುದಿಲ್ಲ ಎಂದರೆ ಹೆಚ್ಚಾಗಿ ಖಾಲಿ ಜಾಗದಲ್ಲಿ ತುಂಬಿಕೊಂಡ ನೀರು. ಆರೆಂಟು ವಾರದಲ್ಲಿ ತಾನೇ ಇಂಗುತ್ತದೆ. ಅವಸರಪಟ್ಟು ಸೂಜಿ ಚುಚ್ಚಿಸಬಾರದು, ಸೂಜಿಯಿಂದ ಸೋಂಕಾಗಿ ಕೀವು ಜಾಲರಿಗೆ ಇಳಿದರೆ ಜಾಲರಿಯನ್ನೇ ತೆಗೆಯಬೇಕಾಗಬಹುದು.